ಕ್ಯಾಮರೊ 350ಕ್ಕೆ ಇಂಜೆಕ್ಷನ್: ಮೊದಲು ಟ್ಯಾಂಕ್ ಮತ್ತು ವಯರಿಂಗ್ ನೋಡಿ

ಸರ್, ನೀವು ಕೇಳಿದ್ದು ಇಷ್ಟು: 1969ರ ಷೆವ್ರೊಲೆ ಕ್ಯಾಮರೊ, 350 ಘನ ಇಂಚಿನ ಎಂಜಿನ್. ನಾಲ್ಕು ಬ್ಯಾರೆಲ್ ಕಾರ್ಬುರೇಟರ್ ತೆಗೆದು ಅದೇ ಮ್ಯಾನಿಫೋಲ್ಡ್ ಮೇಲೆ ಥ್ರಾಟಲ್ ಬಾಡಿ ಇಂಜೆಕ್ಷನ್ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ ಘಟಕ) ಕೂರಿಸಬೇಕು. ಹಳೇ ಟ್ಯಾಂಕ್ ಇಟ್ಟುಕೊಂಡು ಹೊರಗೊಂದು ಪಂಪ್ ಹಾಕಿದರೆ ಸಾಕೇ, ಇಗ್ನಿಷನ್ ಇದ್ದ ಹಾಗೇ ಬಿಡಬಹುದೇ? ಹೊರಗಿನ ಪಂಪ್ ಸಾಲದು, ಇಗ್ನಿಷನ್ ಇದ್ದ ಹಾಗೇ ಬಿಡಲೂ ಬೇಡಿ. ಥ್ರಾಟಲ್ ಬಾಡಿ ಕೂರಿಸುವುದು ನಾಲ್ಕು ಬೋಲ್ಟ್‌ನ ಕೆಲಸ. ಕೆಡುವುದೆಲ್ಲ ಪೆಟ್ರೋಲ್ ಲೈನ್‌ನಲ್ಲಿ ಮತ್ತು ವಯರಿಂಗ್‌ನಲ್ಲಿ.

ಕಾರ್ಬುರೇಟರ್‌ಗೆ 5ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಬಂದರೆ ಆಯ್ತು. ಈ ಥ್ರಾಟಲ್ ಬಾಡಿಗಳಲ್ಲಿ ಹೆಚ್ಚಿನವು ಕೇಳುವುದು ಸುಮಾರು 58. ಎಲೆಕ್ಟ್ರಿಕ್ ಪಂಪ್ ಚೆನ್ನಾಗಿ ತಳ್ಳುತ್ತೆ, ಆದರೆ ಎಳೆಯೋದರಲ್ಲಿ ತುಂಬಾ ದುರ್ಬಲ. ಹೊರಗೆ ಕೂತ ಪಂಪ್ ಟ್ಯಾಂಕ್‌ನಿಂದ ಎಳೆಯುವಾಗ ಆ ಪೈಪಿನಲ್ಲಿ ಒತ್ತಡ ಇಳಿಯುತ್ತೆ, ಬಿಸಿಯಾದ ಪೆಟ್ರೋಲ್ ಅಲ್ಲೇ ಆವಿಯಾಗುತ್ತೆ. ಪಂಪ್ ಕಿರುಚೋಕೆ ಶುರು ಮಾಡುತ್ತೆ, ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗಲ್ಲ. ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ ಇದು ಇನ್ನೂ ಬೇಗ ಆಗುತ್ತೆ. ಹಳೇ ಟ್ಯಾಂಕ್‌ನೊಳಗೆ ಇಂಜೆಕ್ಷನ್‌ಗೆ ಬೇಕಾದಂಥ ಬ್ಯಾಫಲ್ (ಪೆಟ್ರೋಲ್ ಆಚೀಚೆ ಸರಿಯದಂತೆ ತಡೆಯುವ ಗೋಡೆ) ಇಲ್ಲ, ಕಾಲು ಟ್ಯಾಂಕ್‌ಗಿಂತ ಕಡಿಮೆ ಇದ್ದಾಗ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಕುಡಿಯುತ್ತೆ. ಕಾರ್ಬುರೇಟರ್‌ನ ಬೌಲ್‌ನಲ್ಲಿ ಸ್ವಲ್ಪ ಪೆಟ್ರೋಲ್ ಸಂಗ್ರಹ ಇರುತ್ತಿದ್ದರಿಂದ ಅದು ಗೊತ್ತಾಗುತ್ತಿರಲಿಲ್ಲ, ಇಂಜೆಕ್ಟರ್‌ಗೆ ಬೌಲ್ ಇಲ್ಲ. ಇದೇ ಕಾರಿಗೆ ಅಂತ ಬರುವ, ಒಳಗೇ ಪಂಪ್ ಮತ್ತು ಬ್ಯಾಫಲ್ ಇರುವ ಟ್ಯಾಂಕ್ ತಗೊಳ್ಳಿ. ದುಡ್ಡು ಉಳಿಸಬೇಕಿದ್ದರೆ ಬೇರೆ ಎಲ್ಲಾದರೂ ಉಳಿಸಿ.

ಪಂಪ್ ಎಷ್ಟು ದೊಡ್ಡದು ಬೇಕು ಅನ್ನೋದಕ್ಕೆ ಲೆಕ್ಕ ಸುಲಭ. ಟರ್ಬೊ ಇಲ್ಲದ ಎಂಜಿನ್‌ಗೆ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್. 400 ಹಾರ್ಸ್‌ಪವರ್ ಅಂದರೆ 200 ಪೌಂಡ್, ಸುಮಾರು 125 ಲೀಟರ್. ಗಂಟೆಗೆ 255 ಲೀಟರ್‌ನ ಪಂಪ್ ಧಾರಾಳ ಸಾಕು. ಅದಕ್ಕಿಂತ ದೊಡ್ಡದು ಹಾಕಿದರೆ ಮಿಕ್ಕಿದ್ದೆಲ್ಲ ಸುಮ್ಮನೆ ಸುತ್ತಿ ಬಂದು ಟ್ಯಾಂಕನ್ನೇ ಬಿಸಿ ಮಾಡುತ್ತೆ. ಹೋಸ್ ವಿಷಯದಲ್ಲಿ ಮಾತ್ರ ರಾಜಿ ಬೇಡ: ಕಾರ್ಬುರೇಟರ್ ಕಾಲದ ಜೆ30ಆರ್7 ದರ್ಜೆಯ ಹೋಸ್ (ದರ್ಜೆ ಹೋಸ್ ಮೇಲೇ ಬರೆದಿರುತ್ತೆ) ಈ ಒತ್ತಡಕ್ಕಲ್ಲ. ಹೊರಗೆ ಆರ್9, ಟ್ಯಾಂಕ್‌ನೊಳಗೆ ಮುಳುಗಿರುವ ತುಂಡಿಗೆ ಆರ್10. ಆರ್9 ಹೋಸ್‌ನ ಹೊರಪದರ ಪೆಟ್ರೋಲ್‌ನಲ್ಲಿ ಮುಳುಗಿರಲಿಕ್ಕೆ ಮಾಡಿದ್ದಲ್ಲ. ಕ್ಲಾಂಪ್ ಅಂಚು ಮಡಿಚಿದ ಇಂಜೆಕ್ಷನ್ ಕ್ಲಾಂಪೇ ಆಗಲಿ, ಹಲ್ಲು ಕೊರೆದ ಮಾಮೂಲಿ ಕ್ಲಾಂಪ್ ರಬ್ಬರನ್ನು ಕತ್ತರಿಸುತ್ತೆ. ಪಂಪ್ ಆದಮೇಲೆ, ಥ್ರಾಟಲ್ ಬಾಡಿಗೆ ಮುಂಚೆ 10 ಮೈಕ್ರಾನ್ ಫಿಲ್ಟರ್. ಹಳೇ ಮೆಕಾನಿಕಲ್ ಪಂಪ್ ತೆಗೆದ ಜಾಗಕ್ಕೆ ಪ್ಲೇಟ್ ಹಾಕುವಾಗ ಒಳಗಿನ ಪಂಪ್ ರಾಡನ್ನೂ ಎಳೆದು ತೆಗೆಯಿರಿ.

ಇನ್ನು ಕರೆಂಟ್. ಇಸಿಯುವಿನ (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಪ್ಲಸ್, ಅರ್ತ್ ಎರಡೂ ವಯರ್ ನೇರ ಬ್ಯಾಟರಿ ತಲೆಗೇ ಹೋಗಬೇಕು. ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್, ಬಾಡಿ ಬೋಲ್ಟ್ ಯಾವುದೂ ಬೇಡ. ಕೀ ಆನ್ ಆದಾಗ ಬರುವ 12 ವೋಲ್ಟ್ ಸೆಲ್ಫ್ ಹೊಡೆಯುವಾಗಲೂ ಇರಬೇಕು. ರೇಡಿಯೊ ಥರದ್ದಕ್ಕೆ ಹೋಗುವ ಆಕ್ಸೆಸರಿ ವಯರ್ ಆ ಹೊತ್ತಿಗೆ ಸತ್ತಿರುತ್ತೆ, ಕೀ ಬಿಟ್ಟ ಕ್ಷಣಕ್ಕೆ ಗಾಡಿ ಹತ್ತಿದ ಹಾಗೆ ಆಗಿ ಆಫ್ ಆಗುತ್ತೆ. ಕಾಯಿಲ್‌ಗೆ ಹೋಗುವ ಹಳೇ ವಯರ್‌ನಿಂದಲೂ ತಗೊಳ್ಳಬೇಡಿ: ಅದು ರೆಸಿಸ್ಟೆನ್ಸ್ ವಯರ್, ಎಂಜಿನ್ ಓಡುವಾಗ ಅದರಲ್ಲಿ ಪೂರ್ತಿ 12 ವೋಲ್ಟ್ ಇರಲ್ಲ. ಮೀಟರ್ ಹಿಡಿದು ಎರಡು ಸಲ ನೋಡಿ, ಸೆಲ್ಫ್ ಹೊಡೆಯುವಾಗ ಒಮ್ಮೆ, ಓಡುವಾಗ ಒಮ್ಮೆ.

ಡಿಸ್ಟ್ರಿಬ್ಯೂಟರ್‌ನಲ್ಲಿ ಕಾಂಟ್ಯಾಕ್ಟ್ ಪಾಯಿಂಟ್ ಇರುವ ಹಳೇ ಇಗ್ನಿಷನ್ ತೆಗೆದುಬಿಡಿ. ತಾಮ್ರದ ತಂತಿಯ ಪ್ಲಗ್ ವಯರ್ ಇದ್ದರೆ ಅದನ್ನೂ, ಅದರಿಂದ ಹೊಮ್ಮುವ ವಿದ್ಯುತ್ ಅಡಚಣೆ ಇಸಿಯುವನ್ನೇ ರೀಸೆಟ್ ಮಾಡಿಸುತ್ತೆ. ಸುರುಳಿ ಸುತ್ತಿದ ಸಪ್ರೆಷನ್ ವಯರ್ ಬೇಕು. ಆರ್‌ಪಿಎಂ ಸಿಗ್ನಲ್ ಕಾಯಿಲ್‌ನ ಮೈನಸ್‌ನಿಂದ ಸಿಗುತ್ತೆ. ಆದರೆ ಎಂಎಸ್‌ಡಿ 6ಎಎಲ್ ಥರದ ಸಿಡಿಐ ಬಾಕ್ಸ್ (ಕೆಪ್ಯಾಸಿಟರ್‌ನಿಂದ ಜೋರು ಕಿಡಿ ಕೊಡುವ ಇಗ್ನಿಷನ್ ಬಾಕ್ಸ್) ಇದ್ದರೆ ಕಾಯಿಲ್ ಮುಟ್ಟಲೇಬೇಡಿ, ಅಲ್ಲಿ ಬರುವ ನೂರಾರು ವೋಲ್ಟ್ ಇಸಿಯುವನ್ನು ಸುಡುತ್ತೆ. ಆರ್‌ಪಿಎಂ ಸಿಗ್ನಲ್‌ಗೆ ಅಂತಲೇ ಬಾಕ್ಸ್‌ನಲ್ಲಿ ಟ್ಯಾಕ್ ಔಟ್‌ಪುಟ್ ಇದೆ, ಅಲ್ಲಿಂದ ತಗೊಳ್ಳಿ.

ಆಕ್ಸಿಜನ್ ಸೆನ್ಸರ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಅದು ಪೆಟ್ರೋಲನ್ನು ಅಳೆಯಲ್ಲ, ಎಕ್ಸಾಸ್ಟ್ ಹೊಗೆಯಲ್ಲಿ ಉಳಿದ ಆಕ್ಸಿಜನ್ ಮಾತ್ರ ಅಳೆಯುತ್ತೆ. ಸೆನ್ಸರ್‌ಗೆ ಮುಂಚೆ ಹೆಡರ್ (ಎಂಜಿನ್‌ನಿಂದ ಹೊಗೆ ತರುವ ಪೈಪುಗಳು) ಗ್ಯಾಸ್ಕೆಟ್ ಸ್ವಲ್ಪ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತೆ. ಇಸಿಯು ‘ಲೀನ್’ (ಪೆಟ್ರೋಲ್ ಕಡಿಮೆ) ಅಂದುಕೊಂಡು ಪೆಟ್ರೋಲ್ ಸುರಿಯುತ್ತೆ. ಒಂದು ಪ್ಲಗ್ ಮಿಸ್ ಹೊಡೆದರೂ ಅಷ್ಟೇ, ಉರಿಯದ ಆಕ್ಸಿಜನ್ ಹೊರಗೆ ಬರುತ್ತೆ. ಸ್ಕ್ರೀನ್ ಲೀನ್ ಅನ್ನುತ್ತೆ, ಪ್ಲಗ್ ಬಿಚ್ಚಿದರೆ ಮಸಿ ಕಪ್ಪು. ಆವಾಗ ಸ್ಕ್ರೀನ್ ನಂಬಬೇಡಿ, ಪ್ಲಗ್ ನಂಬಿ. ಸೆನ್ಸರ್ ಕೂರುವ ಬಂಗ್ (ವೆಲ್ಡ್ ಮಾಡುವ ನಟ್) ಹೆಡರ್ ಪೈಪುಗಳು ಒಂದಾಗುವ ಕಲೆಕ್ಟರ್ ದಾಟಿದ ಕೂಡಲೇ ಬರಲಿ, ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ, ಇಲ್ಲದಿದ್ದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಹನಿಯುವ ನೀರು ಸೆನ್ಸರನ್ನು ಒಡೆಯುತ್ತೆ. ಸೆನ್ಸರ್ ಸಿಕ್ಕಿಸಿ ಕರೆಂಟ್ ಕೊಡದೆ ಎಂಜಿನ್ ಓಡಿಸಬೇಡಿ.

ಐಡಲ್ (ಕಾಲು ತೆಗೆದಾಗಿನ ಓಟ) ಕೊನೆಗೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಎಸಿ (ಐಡಲ್‌ಗೆ ಗಾಳಿ ಬಿಡುವ ವಾಲ್ವ್) ಓದಿಕೆ ನೋಡಿ. ಸೊನ್ನೆ ಇದ್ದರೆ ಥ್ರಾಟಲ್ ಬ್ಲೇಡ್ ಜಾಸ್ತಿ ತೆರೆದಿದೆ ಅಥವಾ ಎಲ್ಲೋ ವ್ಯಾಕ್ಯೂಮ್ ಲೀಕ್ ಇದೆ. ಬಹಳ ಮೇಲಿದ್ದರೆ ಬ್ಲೇಡ್ ಮುಚ್ಚಿಕೊಂಡಿದೆ. ಬ್ಲೇಡ್‌ನ ಐಡಲ್ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಕೀ ಆಫ್ ಮಾಡಿ ಆನ್ ಮಾಡಿ. ಹಾಗೆ ಮಾಡದಿದ್ದರೆ ಹೆಚ್ಚಿನ ಇಸಿಯುಗಳಿಗೆ ಥ್ರಾಟಲ್ ಸೆನ್ಸರ್‌ನ ಹೊಸ ಸೊನ್ನೆ ಗೊತ್ತಾಗಲ್ಲ, ಕಾಲು ತೆಗೆದಿದ್ದರೂ ಒತ್ತಿದ್ದೀರಿ ಅಂತಲೇ ಎಣಿಸುತ್ತೆ. ಬಿಸಿ ಐಡಲ್‌ನಲ್ಲಿ ಐಎಸಿ ಓದಿಕೆ 2ರಿಂದ 10ರೊಳಗೆ ನಿಂತರೆ ಒಳ್ಳೆಯದು.

ಮೊದಲ ಸ್ಟಾರ್ಟ್‌ಗೆ ಮುಂಚೆ ಕೀ ನಾಲ್ಕೈದು ಸಲ ಆನ್ ಆಫ್ ಮಾಡಿ ಲೈನ್ ತುಂಬಿಸಿ, ಟಾರ್ಚ್ ಹಿಡಿದು ಪ್ರತಿ ಜಾಯಿಂಟ್‌ಗೂ ಒಣ ಬಟ್ಟೆ ಒರೆಸಿ ನೋಡಿ. 58 ಪಿಎಸ್‌ಐನಲ್ಲಿ ಲೀಕ್ ಹನಿಯಾಗಿ ಬೀಳಲ್ಲ, ಬಿಸಿ ಹೆಡರ್ ಮೇಲೆ ಚಿಮ್ಮುತ್ತೆ.

ಆರ್ಡರ್ ಮಾಡೋ ಮೊದಲು ಡಿಸ್ಟ್ರಿಬ್ಯೂಟರ್ ಯಾವುದು, ಐಡಲ್‌ನಲ್ಲಿ ವ್ಯಾಕ್ಯೂಮ್ ಎಷ್ಟು ಇಂಚು ತೋರಿಸುತ್ತೆ ಅಂತ ಇಲ್ಲಿ ಬರೆಯಿರಿ. ದೊಡ್ಡ ಕ್ಯಾಮ್ (ವಾಲ್ವ್ ಹೆಚ್ಚು ತೆರೆಯುವ ಕ್ಯಾಮ್‌ಶಾಫ್ಟ್) ಇದ್ದು ವ್ಯಾಕ್ಯೂಮ್ 10 ಇಂಚಿಗಿಂತ ಕೆಳಗೆ ಬರುತ್ತಿದ್ದರೆ ಸೆಟ್ಟಿಂಗ್ ಬೇರೆಯೇ ಬೇಕಾಗುತ್ತೆ.