ಎಲ್, ಎನ್‌ಎಲ್ ಅಂದರೆ ಏನು? ಮೆಮೊರಿ ಕಡಿಮೆ ಇದ್ದರೆ ಎಷ್ಟು ಲೆಕ್ಕ ಮಾಡಬಹುದು?

ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ತೆಗೆದುಕೊಳ್ಳಿ. ಹೊರಬಾಗಿಲಿನಿಂದ ಒನಕೆ ಓಬವ್ವನ ಕಿಂಡಿಗೆ ದಾರಿ ಇದೆಯಾ ಅಂತ ಹೇಳಬೇಕು. ನಕ್ಷೆ ಕೈಯಲ್ಲಿದೆ, ಆದರೆ ಅದರ ಮೇಲೆ ಗೀಚುವಂತಿಲ್ಲ. ಬರೆದುಕೊಳ್ಳಲು ಬಸ್ ಟಿಕೆಟ್‌ನ ಹಿಂಬದಿ ಮಾತ್ರ. ಟೈಮ್ ಎಷ್ಟಾದರೂ ಆಗಲಿ.

ಹತ್ತು ಲಕ್ಷ ಜಾಗಗಳಿದ್ದರೂ ಒಂದರ ನಂಬರ್ ಬರೆಯಲು 20 ಬಿಟ್ ಸಾಕು. ಅಂಥ ಕೆಲವೇ ನಂಬರ್ ಹಿಡಿಯುವಷ್ಟು ಮೆಮೊರಿಯಲ್ಲಿ (ಜಾಗಗಳ ಸಂಖ್ಯೆ ಎನ್ ಆದರೆ, ಒಂದು ನಂಬರಿಗೆ ಬೇಕಾದ ಬಿಟ್‌ಗಳೇ ಸುಮಾರು ಲಾಗ್ ಎನ್) ಬಗೆಹರಿಯುವ ಸಮಸ್ಯೆಗಳ ಗುಂಪು ಎಲ್. ಪ್ರತಿ ಕವಲಿನಲ್ಲೂ ಸರಿಯಾಗಿ ಊಹಿಸುವ ಅದೃಷ್ಟವೂ ಸೇರಿದರೆ ಎನ್‌ಎಲ್.

ಹೋದ ಜಾಗಕ್ಕೆಲ್ಲ ಗುರುತು ಹಾಕೋಣ ಅಂದರೆ ಟಿಕೆಟ್ ತುಂಬಿಹೋಗುತ್ತದೆ, ಅಲ್ವಾ? ಪೇಚು ಇರುವುದೇ ಇಲ್ಲಿ. ಎರಡೂ ಕಡೆ ಓಡಾಡಬಹುದಾದ ದಾರಿಗಳಿಗೆ ಎಲ್ ಸಾಕು ಎಂದು ಕಂಪ್ಯೂಟರ್ ವಿಜ್ಞಾನಿ ಓಮರ್ ರೈಂಗೋಲ್ಡ್ 2005ರಲ್ಲಿ ತೋರಿಸಿದರು. ಎಲ್ಲವೂ ಒನ್‌ವೇ ಆದರೆ? ಅದಕ್ಕೂ ಎಲ್ ಸಾಕಾದರೆ ಎಲ್ ಮತ್ತು ಎನ್‌ಎಲ್ ಒಂದೇ. ಇದು ಇನ್ನೂ ಬಗೆಹರಿದಿಲ್ಲ.

ನನಗೆ ಜಾಸ್ತಿ ಇಷ್ಟ ಕಂಪ್ಯೂಟರ್ ವಿಜ್ಞಾನಿ ವಾಲ್ಟರ್ ಸ್ಯಾವಿಚ್‌ರ 1970ರ ಉಪಾಯ. ದಾರಿಯ ನಟ್ಟನಡುವಿನ ಜಾಗ ಇದಿರಬಹುದು ಅಂತ ಒಂದೊಂದನ್ನೇ ಹಿಡಿದು ನೋಡುವುದು. ಮೊದಲರ್ಧ ಪರೀಕ್ಷಿಸಿ, ಆ ಬರಹ ಅಳಿಸಿ, ಅಲ್ಲೇ ಎರಡನೇ ಅರ್ಧದ ಲೆಕ್ಕ ಬರೆಯುವುದು. ಪ್ರತಿ ಅರ್ಧಕ್ಕೂ ಮತ್ತೆ ಇದೇ ಆಟ. ಲಾಗ್ ಎನ್‌ನ ವರ್ಗದಷ್ಟು ಮೆಮೊರಿ ಸಾಕು, ಟೈಮ್ ಮಾತ್ರ ವಿಪರೀತ ತಿನ್ನುತ್ತದೆ. ಇನ್‌ಪುಟ್ ಗಾತ್ರದ ವರ್ಗ, ಘನ ಹೀಗೆ ಧಾರಾಳ ಮೆಮೊರಿ ಸಿಗುವ ಪಿಸ್ಪೇಸ್ ಮಟ್ಟದಲ್ಲಿ ಅದೃಷ್ಟದ ಊಹೆಯಿಂದ ಏನೂ ಲಾಭವಿಲ್ಲ ಎನ್ನುವುದು ಸಿಕ್ಕಿದ್ದೂ ಇದರಿಂದಲೇ.