ಕೆಂಪು ಪೆನ್ನು ಬ್ಯಾಗಿನಲ್ಲೇ ಇರಲಿ

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮೊದಲ ವರ್ಷದವರಿಗೆ ಪ್ರಬಂಧ ಬರೆಯೋಕೆ ಸಹಾಯ ಮಾಡು ಅಂತ ನಮ್ಮ ಕನ್ನಡ ಮೇಡಂ ಹೇಳಿದ್ದಾರೆ. ಹಾಳೆ ಕೈಗೆ ಬಂದ ಕೂಡಲೇ ಕೆಂಪು ಪೆನ್ನು ಹಿಡಿದು ಎಲ್ಲ ತಿದ್ದಿಬಿಡುತ್ತೇನೆ. ಮುಂದಿನ ವಾರ ಅವೇ ತಪ್ಪುಗಳು. ಏನು ಮಾಡಲಿ?
ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಉತ್ತರ: ಮೊದಲು ಆ ಪೆನ್ನನ್ನು ಬ್ಯಾಗಿಗೆ ಹಾಕು, ತಂಗಿ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಮಾಡಿದ್ದೆ. ಹಾಸ್ಟೆಲ್ಲಿನ ಗೆಳೆಯನೊಬ್ಬನ ಪ್ರಬಂಧವನ್ನು ರಾತ್ರಿಯೆಲ್ಲ ಕೂತು ತಿದ್ದಿದೆ. ಬಹುಮಾನ ಬಂತು. ಅವನು ಅದನ್ನು ತಂದು ನನ್ನ ಟ್ರಂಕಿನ ಮೇಲಿಟ್ಟು, ‘ಇದು ನಿಂದು’ ಅಂದ. ಆಮೇಲೆ ತಾನು ಬರೆದದ್ದನ್ನು ನನಗೆ ತೋರಿಸಲೇ ಇಲ್ಲ. ಇವತ್ತಿಗೂ ನೋಯುತ್ತದೆ.

ಬರೆದವರೇ ಗಟ್ಟಿಯಾಗಿ ಓದಲಿ. ನೀನು ಪಕ್ಕದಲ್ಲಿ ಕೂರು, ಎದುರಿಗೆ ಬೇಡ. ನಾಲಿಗೆ ತಡವರಿಸಿದ ಕಡೆ ಅವರೇ ನಿಲ್ಲುತ್ತಾರೆ. ಎಷ್ಟೋ ತಪ್ಪು ಅಲ್ಲೇ ಸಿಕ್ಕಿಬಿಡುತ್ತವೆ.

ಇಳಕಲ್ಲಿನ ಹುಡುಗಿಯೊಬ್ಬಳು ಸೀರೆಯ ಬಗ್ಗೆ ಬರೆದು ತಂದಿದ್ದಳು. ‘ಇಂದಿನ ಆಧುನಿಕ ಯುಗದಲ್ಲಿ ಕೈಮಗ್ಗವು ಅತ್ಯಂತ ಮಹತ್ವದ ಪಾತ್ರ ವಹಿಸುತ್ತದೆ’ ಅಂತ ಶುರು. ಒಂದೂ ಕಾಗುಣಿತದ ತಪ್ಪಿಲ್ಲ, ಜೀವವೂ ಇಲ್ಲ. ಹಾಳೆ ಮಗುಚಿಟ್ಟು, ‘ಮನೆಯಲ್ಲಿ ಯಾರು ನೇಯ್ತಾರೆ?’ ಅಂದೆ. ‘ಅವ್ವ ನೇಯ್ತಾಳ್ರಿ. ಸೀರಿ ಮೈಯ ಹಾಸು, ಅಂದ್ರ ಉದ್ದನ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ ಇರ್ತದ. ಎರಡನ್ನೂ ಎಳಿ ಎಳಿಗೆ ಕೊಂಡಿ ಹಾಕಿ ಕೂಡಿಸ್ಬೇಕ್ರಿ’ ಅಂದಳು. ಹೇಳ್ತಾ ಹೇಳ್ತಾ ಅವಳ ಬೆರಳುಗಳು ಗಾಳಿಯಲ್ಲೇ ಕೊಂಡಿ ಹಾಕುತ್ತಿದ್ದವು. ‘ಇದನ್ನೇ ಬರಿ’ ಅಂದೆ, ಅಷ್ಟೇ. ಆ ಮೊದಲ ವಾಕ್ಯವನ್ನು ಅವಳೇ ಹೊಡೆದುಹಾಕಿದಳು. ಅಂಥ ಪ್ರಶ್ನೆ ಕೇಳೋದೇ ನಿನ್ನ ಕೆಲಸ. ಉತ್ತರ ಬರುವ ತನಕ ಸುಮ್ನೆ ಕೂರೋದು ಕಷ್ಟ, ಆದರೂ ಕೂರು.

ಒತ್ತಕ್ಷರ, ದೀರ್ಘ ಎಲ್ಲ ಕೊನೆಗೆ. ಅದರಲ್ಲೂ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹಿಡಿ. ಒಂದನ್ನು ನೀನು ತೋರಿಸು, ಉಳಿದವನ್ನು ಅವರು ಹುಡುಕಲಿ. ‘ಮಾಡ್ಯಾಳ’ ಅಂತ ಬರೆದಿದ್ದರೆ, ಇದು ತಪ್ಪಲ್ಲ, ನಮ್ಮ ಮನೆಮಾತು ಅಂತ ಮೊದಲು ಹೇಳು. ಪರೀಕ್ಷೆಯಲ್ಲಿ ‘ಮಾಡಿದ್ದಾಳೆ’ ಬೇಕು ಅನ್ನೋದನ್ನು ಆಮೇಲೆ ಹೇಳು. ತಮ್ಮ ಮಾತೇ ತಪ್ಪು ಅಂದುಕೊಂಡು ಬರೆಯೋದನ್ನೇ ಬಿಟ್ಟ ಮಕ್ಕಳನ್ನು ನಮ್ಮ ಕಡೆ ಜಾಸ್ತಿಯೇ ನೋಡಿದ್ದೇನೆ.

ಈ ವಾರ ಒಬ್ಬರ ಜೊತೆ ಅರ್ಧ ಗಂಟೆ ಹೀಗೆ ಕೂತು ನೋಡು. ಏನಾಯ್ತು ಅಂತ ನನಗೆ ಬರಿ.