ಮೊದಲ ಮರದ ಮಾದರಿ ದೋಣಿ ಕಿಟ್: ಮೂತಿಯ ಹತ್ತಿರ ಪಟ್ಟಿ ಮುರಿಯದಂತೆ ಬಗ್ಗಿಸುವುದು ಹೇಗೆ?

ಮೊದಲ ಕಿಟ್, ದೋಣಿಯ ಮೈಗೆ ಅಂಟಿಸುವ ತೆಳು ಮರದ ಪಟ್ಟಿ ಮೂತಿ (ದೋಣಿಯ ಮುಂತುದಿ) ಹತ್ತಿರ ಪಟ್ ಅಂತ ಮುರಿಯುತ್ತಿದೆ ಅಂತ ಕೇಳಿದ್ದೀರಿ. ಒಣ ಪಟ್ಟಿಯನ್ನೇ ಬಗ್ಗಿಸುತ್ತಿದ್ದೀರಿ, ಅಲ್ವಾ? ನಾನು ತುಮಕೂರಿನವನು. ಬೇಸಿಗೆಯಲ್ಲಿ ನಮ್ಮ ಕಡೆ ಮರ ಹಪ್ಪಳದ ಹಾಗೆ ಆಗಿರುತ್ತದೆ.

ಪಟ್ಟಿಯನ್ನು ಬಿಸಿನೀರಲ್ಲಿ 20-30 ನಿಮಿಷ ನೆನೆಸಿ. ಆಮೇಲೆ ಸ್ಟೀಲ್ ಚೊಂಬಿನ ಸುತ್ತ ನಿಧಾನವಾಗಿ ಬಗ್ಗಿಸಿ, ದಾರದಿಂದ ಕಟ್ಟಿ, ರಾತ್ರಿಯೆಲ್ಲ ಒಣಗಲು ಬಿಡಿ. ಒದ್ದೆಯಾಗಿದ್ದಾಗಲೇ ಅಂಟಿಸಬೇಡಿ. ಒಣಗಿದಾಗ ಪಟ್ಟಿ ಕುಗ್ಗಿ ಸಂದು ಬೀಳುತ್ತದೆ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ, ಹೊಸಬರು ಬಿಡುವುದು ಇದನ್ನೇ: ಒಳಗಿನ ಅಡ್ಡ ಚೌಕಟ್ಟುಗಳ ಅಂಚನ್ನು ಮೂತಿ ಮತ್ತು ಹಿಂಭಾಗದಲ್ಲಿ ಸ್ಯಾಂಡ್ ಪೇಪರ್‌ನಿಂದ ಓರೆಯಾಗಿ ಉಜ್ಜಬೇಕು. ಒಂದು ಪಟ್ಟಿಯನ್ನು ಅಂಟಿಲ್ಲದೆ ಸುಮ್ನೆ ಒತ್ತಿಟ್ಟು ಬೆಳಕಿಗೆ ಹಿಡಿದು ನೋಡಿ, ಚೌಕಟ್ಟಿಗೂ ಪಟ್ಟಿಗೂ ನಡುವೆ ಬೆಳಕಿನ ಗೆರೆ ಕಂಡರೆ ಇನ್ನೂ ಉಜ್ಜಬೇಕು ಅಂತ ಅರ್ಥ. ಇದಕ್ಕೆ ಒಂದು ಸಂಜೆ ಪೂರ್ತಿ ಹೋದರೂ ಪರವಾಗಿಲ್ಲ.

ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ ಹಾಕುತ್ತಾ ಹೋಗಿ. ಒಂದೇ ಕಡೆ ಮುಗಿಸಿದರೆ ದೋಣಿಯ ಬೆನ್ನೆಲುಬೇ ತಿರುಚಿಕೊಳ್ಳುತ್ತದೆ, ಆಮೇಲೆ ಸರಿ ಮಾಡಲು ಆಗುವುದಿಲ್ಲ. ಫೆವಿಕಾಲ್ ತೆಳ್ಳಗೆ ಸಾಕು. ಹಿಡಿದಿಡಲು ಬಟ್ಟೆ ಕ್ಲಿಪ್ ಹಾಕಿ, ಜಾಸ್ತಿ ದುಡ್ಡಿನ ಉಪಕರಣ ಈಗಲೇ ಬೇಡ.